ಎಲ್ವಿಸ್ ಇನ್ನೂ ಪಕ್ಕದೂರಿನ ಹುಡುಗನಾಗಿದ್ದಾಗಿನ ಪತ್ರಿಕೆಗಳು

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಕೂಡಿಹಾಕಲು ಹೊರಟರೆ ಮನೆ ಸಾಲದು, ಆಯಸ್ಸೂ ಸಾಲದು. ಹಾಗಾಗಿ ನಾನು ಮೊದಲೇ ಗಡಿ ಹಾಕಿಕೊಂಡೆ: 1954ರ ಜುಲೈನಿಂದ 1956ರ ಕೊನೆಯವರೆಗೆ ಬಂದದ್ದಷ್ಟೇ. ಅಂದರೆ ಹತ್ತೊಂಬತ್ತರ ಹುಡುಗ ಮೆಂಫಿಸ್‌ನ ಸನ್ ಕಂಪನಿಯಲ್ಲಿ ಮೊದಲ ರೆಕಾರ್ಡು ಮಾಡಿದಲ್ಲಿಂದ, ಅವನ ಹೆಸರಿನಲ್ಲಿ ಲಿಪ್‌ಸ್ಟಿಕ್ ಅಂಗಡಿಗೆ ಬರುವವರೆಗೆ. ಈ ಗಡಿಯನ್ನು ಒಂದೇ ಒಂದು ಲೇಖನಕ್ಕಾಗಿ ಮುರಿದಿದ್ದೇನೆ, ಅದನ್ನು ಕೊನೆಗೆ ಹೇಳುತ್ತೇನೆ.

ಕೆಲಸದ ಮೇಲೆ ಮೆಂಫಿಸ್‌ಗೆ ಬಂದ ಮೇಲೆ ಹತ್ತಿದ ಹುಚ್ಚು ಇದು. ಇಲ್ಲಿ ಎಲ್ವಿಸ್ ಹೆಸರಿನ ರಸ್ತೆಯೇ ಇದೆ, ಅವನ ಮನೆ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಆದರೆ ನನ್ನ ಕುತೂಹಲ ಇದ್ದದ್ದು ಬೇರೆ ಕಡೆ. ಎಲ್ಲರೂ ಹೇಳುವ ಕಥೆ ಗೊತ್ತಲ್ಲ: 1956ರ ಜನವರಿಯಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ ಹಾಡು ಬಂತು, ಟೀವಿಯಲ್ಲಿ ಸೊಂಟ ಕುಣಿಸಿದ, ರಾತ್ರಿ ಬೆಳಗಾಗುವುದರೊಳಗೆ ಸ್ಟಾರ್ ಆದ. ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಓದಿದರೆ ಈ ಕಥೆ ನಿಲ್ಲುವುದಿಲ್ಲ. ಸಣ್ಣ ಪತ್ರಿಕೆಗಳಿಗೆ ಅವನು ಒಂದೂವರೆ ವರ್ಷ ಮೊದಲೇ ಗೊತ್ತಿದ್ದ. ದೊಡ್ಡ ಪತ್ರಿಕೆಗಳು ತಡವಾಗಿ ಬಂದವು, ಬಂದು ಅವನು ಆಕಾಶದಿಂದ ಉದುರಿದ ಹಾಗೆ ಬರೆದವು.

ಹುಡುಕಾಟ ಶುರುಮಾಡಬೇಕಾದದ್ದು ‘ಬಿಲ್‌ಬೋರ್ಡ್’ನಿಂದ. ಇದು ಅಭಿಮಾನಿಗಳ ಪತ್ರಿಕೆಯಾಗಿರಲಿಲ್ಲ. ರೆಕಾರ್ಡ್ ಅಂಗಡಿಯವರು, ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಇಟ್ಟವರು, ರೇಡಿಯೋದವರು ಓದುವ ವ್ಯಾಪಾರದ ವಾರಪತ್ರಿಕೆ. ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪೂರ್ತಿ ಸಿಗುತ್ತವೆ, ಕಾಸು ಕೊಡಬೇಕಿಲ್ಲ. 1954ರ ಆಗಸ್ಟ್ 7ರ ಸಂಚಿಕೆಯಲ್ಲಿ ಅವನ ಮೊದಲ ರೆಕಾರ್ಡಿನ ವಿಮರ್ಶೆ ಇದೆ. ಕೆಲವೇ ಸಾಲು. ಹಾಡು ಧ್ವನಿಮುದ್ರಣವಾದದ್ದು ಜುಲೈ 5ಕ್ಕೆ, ಅಂದರೆ ತಿಂಗಳು ತುಂಬಿ ಎರಡು ದಿನವಾಗಿತ್ತು ಅಷ್ಟೇ. ಆ ವಿಮರ್ಶಕ ಹೇಳಿದ ಮುಖ್ಯ ಮಾತು, ಈ ಹೊಸ ಗಾಯಕ ಕಂಟ್ರಿ ಮಾರುಕಟ್ಟೆಗೂ ಸೈ, ರಿದಮ್ ಅಂಡ್ ಬ್ಲೂಸ್ ಮಾರುಕಟ್ಟೆಗೂ ಸೈ ಎಂದು. ಆ ಕಾಲದ ಅಮೆರಿಕದಲ್ಲಿ ಮೊದಲನೆಯದು ಬಿಳಿಯರ ಹಾಡುಗಳ ಪಟ್ಟಿ, ಎರಡನೆಯದು ಕರಿಯರ ಹಾಡುಗಳ ಪಟ್ಟಿ. ಆಮೇಲೆ ಪಂಡಿತರು ಪುಸ್ತಕಗಟ್ಟಲೆ ಬರೆದ ವಿಷಯವನ್ನು ಹೆಸರಿಲ್ಲದ ಒಬ್ಬ ವಿಮರ್ಶಕ ಅಂಗಡಿಯವನಿಗೆ ಸರಕು ಶಿಫಾರಸು ಮಾಡುವ ಧಾಟಿಯಲ್ಲಿ ಮುಗಿಸಿಬಿಟ್ಟಿದ್ದಾನೆ.

ಸ್ಕ್ಯಾನ್ ಪ್ರತಿಗಳಲ್ಲಿ ಹುಡುಕುವಾಗ ಹೆಸರನ್ನು ನಂಬಬೇಡಿ. ಆಗ ಅವನ ಹೆಸರು ಯಾರ ಬಾಯಿಗೂ ಹತ್ತಿರಲಿಲ್ಲ. 1954ರ ಜುಲೈ 30ರಂದು ಮೆಂಫಿಸ್‌ನ ಓವರ್ಟನ್ ಪಾರ್ಕಿನಲ್ಲಿ ಕಂಟ್ರಿ ಗಾಯಕ ಸ್ಲಿಮ್ ವಿಟ್ಮನ್‌ನ ಸಂಗೀತ ಕಛೇರಿ. ಅದರ ಪೇಪರ್ ಜಾಹೀರಾತಿನಲ್ಲಿ ನಮ್ಮವನು ‘ಎಲ್ಲಿಸ್ ಪ್ರೀಸ್ಲಿ’. ಉಪನಾಮಕ್ಕೆ ಇನ್ನೊಂದು ‘ಎಸ್’ ಸೇರಿಸಿದವರೂ ಬೇಕಾದಷ್ಟು. ಇದರ ಮೇಲೆ ಕಂಪ್ಯೂಟರ್ ಹಳೆಯ ಅಚ್ಚನ್ನು ತಪ್ಪಾಗಿ ಓದುತ್ತದೆ. ಹಾಗಾಗಿ ನಾನು ಅವನ ಹೆಸರು ಬಿಟ್ಟು ಸುತ್ತಲಿನವರ ಹೆಸರು ಹಾಕಿ ಹುಡುಕುತ್ತೇನೆ: ಗಿಟಾರಿನ ಸ್ಕಾಟಿ ಮೂರ್, ಬೇಸ್ ನುಡಿಸುತ್ತಿದ್ದ ಬಿಲ್ ಬ್ಲ್ಯಾಕ್, ಮ್ಯಾನೇಜರ್ ಬಾಬ್ ನೀಲ್, ಜೊತೆಗೆ ಟೂರ್ ಮಾಡಿದ ಹ್ಯಾಂಕ್ ಸ್ನೋ, ‘ಲೂಸಿಯಾನಾ ಹೇರೈಡ್’ ರೇಡಿಯೋ ಕಾರ್ಯಕ್ರಮ. ಬಿಲ್‌ಬೋರ್ಡಿನ ‘ಫೋಕ್ ಟ್ಯಾಲೆಂಟ್ ಅಂಡ್ ಟ್ಯೂನ್ಸ್’ ಎಂಬ ಅಂಕಣದಲ್ಲಿ ಹೀಗೆ ಅವನ ಸುದ್ದಿ ಚೂರುಚೂರಾಗಿ ಸಿಗುತ್ತದೆ. ಇಂಥ ಊರಲ್ಲಿ ಹಾಡಿದ, ಮುಂದಿನ ವಾರ ಇಂಥ ಊರು, ಜನ ಕಿಕ್ಕಿರಿದಿದ್ದರು. ಓದುವಾಗ ಒಂದು ನೆನಪಿರಲಿ: ಇಂಥ ಅಂಕಣಗಳಿಗೆ ಸರಕು ಮ್ಯಾನೇಜರುಗಳ, ರೇಡಿಯೋದವರ ಕಾಗದಗಳಿಂದಲೇ ಬರುತ್ತಿತ್ತು. ಜನ ಕಿಕ್ಕಿರಿದಿದ್ದರು ಎಂದು ಬರೆದವನು ಟಿಕೆಟ್ ಮಾರಿದವನೇ ಇರಬಹುದು.

ಊರಿನ ಪೇಪರನ್ನೂ ಬಿಡುವಂತಿಲ್ಲ. ‘ಮೆಂಫಿಸ್ ಪ್ರೆಸ್-ಸಿಮಿಟಾರ್’ನ ಎಡ್ವಿನ್ ಹೊವರ್ಡ್ 1954ರ ಜುಲೈ 28ಕ್ಕೆ ತನ್ನ ಅಂಕಣದಲ್ಲಿ ಈ ಹುಡುಗನ ಬಗ್ಗೆ ಬರೆದ. ಸನ್ ಕಂಪನಿಯ ಮೇರಿಯನ್ ಕೀಸ್ಕರ್ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವನನ್ನು ಪತ್ರಿಕೆಯ ಕಚೇರಿಗೆ ಕರೆದುಕೊಂಡು ಹೋಗಿದ್ದಳಂತೆ. ಕೇಳಿದ್ದಕ್ಕೆಲ್ಲ ‘ಎಸ್ ಸರ್’, ‘ನೋ ಸರ್’. ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ. ಮೈಕ್ರೋಫಿಲ್ಮ್ ಯಂತ್ರದ ಹಿಡಿ ತಿರುಗಿಸುತ್ತಾ ಆ ದಿನದ ಉಳಿದ ಪುಟಗಳನ್ನೂ ನೋಡುತ್ತೇನೆ. ಅಕ್ಕಪಕ್ಕದ ಜಾಹೀರಾತು, ಸಿನಿಮಾ ಪಟ್ಟಿ, ತರಕಾರಿ ದರ, ಇವುಗಳ ನಡುವೆ ಇಟ್ಟು ನೋಡಿದಾಗಲೇ ಆ ಸುದ್ದಿ ಎಷ್ಟು ಸಣ್ಣದಾಗಿತ್ತು ಎಂದು ಗೊತ್ತಾಗುವುದು.

ನನಗೆ ಅತಿ ಪ್ರಿಯವಾದದ್ದು ಇದರ ನಂತರದ ಘಟ್ಟ. ನಮ್ಮಲ್ಲಿ ಟೆಂಟ್ ಸಿನಿಮಾದ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಅದರ ಅಮೆರಿಕನ್ ದಾಯಾದಿಗಳೆನ್ನಬಹುದಾದ ಪತ್ರಿಕೆಗಳು: ‘ಕೌಬಾಯ್ ಸಾಂಗ್ಸ್’, ‘ಕಂಟ್ರಿ ಸಾಂಗ್ ರೌಂಡಪ್’. ಜನ ಕೊಳ್ಳುತ್ತಿದ್ದದ್ದು ಹಾಡಿನ ಸಾಹಿತ್ಯಕ್ಕಾಗಿ. ನಡುನಡುವೆ ಗಾಯಕರ ಫೋಟೋ, ಒಂದೊಂದು ಪರಿಚಯ. ‘ಕೌಬಾಯ್ ಸಾಂಗ್ಸ್’ನ 1955ರ ಜೂನ್ ಸಂಚಿಕೆಯಲ್ಲಿ ‘ಸನ್‌ನ ಹೊಸ ತಾರೆ’ ಎಂಬರ್ಥದ ತಲೆಬರಹದಲ್ಲಿ ಎಲ್ವಿಸ್ ಬಂದ. ‘ಕಂಟ್ರಿ ಸಾಂಗ್ ರೌಂಡಪ್’ ಅದೇ ಸೆಪ್ಟೆಂಬರಿನಲ್ಲಿ ಅವನನ್ನು ಜನಪದ ಸಂಗೀತದ ಬೆಂಕಿಯುಂಡೆ ಎಂದಿತು. ರಾಕ್ ಅಂಡ್ ರೋಲ್ ರಾಜ ಎಂದು ಕರೆಯುವುದೆಲ್ಲ ಆಮೇಲೆ. ಈ ಪುಟಗಳಲ್ಲಿ ಅವನು ಕಂಟ್ರಿ ಗಾಯಕರ ಸಾಲಿನಲ್ಲಿ ಒಬ್ಬ, ಅಷ್ಟೇ. ಯಾರೂ ಹೌಹಾರಿಲ್ಲ, ಯಾರೂ ಬೈದಿಲ್ಲ.

ಇಲ್ಲಿ ತಾರೀಖಿನದೊಂದು ಪೇಚು ಇದೆ. ಮಾಸಪತ್ರಿಕೆಯ ಮುಖಪುಟದ ತಿಂಗಳು ಬೇರೆ, ಲೇಖನ ಬರೆದ ತಿಂಗಳು ಬೇರೆ. ಸೆಪ್ಟೆಂಬರ್ ಎಂದು ಅಚ್ಚಾದದ್ದು ಬರೆದಾಗ ವಸಂತವೋ ಬೇಸಿಗೆಯೋ ಇದ್ದಿರುತ್ತದೆ. ನಾನು ಬಳಸುವ ಉಪಾಯ ಸುಲಭದ್ದು. ಎಲ್ವಿಸ್ ಸನ್ ಕಂಪನಿಗೆ ಮಾಡಿದ್ದು ಐದೇ ರೆಕಾರ್ಡು, ನಂಬರು 209, 210, 215, 217, 223. ಮೊದಲನೆಯದು 1954ರ ಜುಲೈ, ಕೊನೆಯದು 1955ರ ಆಗಸ್ಟ್. ಲೇಖನದಲ್ಲಿ ಹೆಸರಿಸಿದ ಕೊನೆಯ ಹಾಡು ಯಾವುದು ನೋಡಿ. ನಾಲ್ಕನೆಯ ರೆಕಾರ್ಡಿನ ‘ಬೇಬಿ ಲೆಟ್ಸ್ ಪ್ಲೇ ಹೌಸ್’ ಇದ್ದು ಕೊನೆಯದರ ‘ಮಿಸ್ಟರಿ ಟ್ರೇನ್’ ಇಲ್ಲದಿದ್ದರೆ ಅದು 1955ರ ಏಪ್ರಿಲ್‌ಗೂ ಆಗಸ್ಟ್‌ಗೂ ನಡುವೆ ಬರೆದದ್ದು. ಮುಖಪುಟದ ತಿಂಗಳಿಗಿಂತ ಈ ಲೆಕ್ಕವನ್ನೇ ನಾನು ನಂಬುವುದು, ನನ್ನ ಫೈಲಿನ ಅನುಕ್ರಮವೂ ಇದರದೇ.

ಈ ಹಾಡಿನ ಪತ್ರಿಕೆಗಳ ಕಾಗದ ಅತಿ ಕೀಳು ದರ್ಜೆಯದು. ಅಂಚು ಕಂದುಬಣ್ಣಕ್ಕೆ ತಿರುಗಿ, ಪುಟ ತಿರುವಿದರೆ ಸೀಗೆಪುಡಿಯಂತೆ ಉದುರುತ್ತದೆ. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಳಚಿಕೊಂಡಿರುತ್ತದೆ. ಅದೇ ಕಾಲದ ‘ಲೈಫ್’ ಎಂಬ ಚಿತ್ರಪತ್ರಿಕೆ ಎತ್ತಿಕೊಳ್ಳಿ, ನುಣುಪು ಕಾಗದ, ಇವತ್ತಿಗೂ ಬೆಳ್ಳಗೆ. ಕೊಳ್ಳುವ ಮುಂಚೆ ನಾನು ಮುಖಪುಟ ನೋಡುವುದಿಲ್ಲ, ಪುಟ ಎಣಿಸುತ್ತೇನೆ. 1956ರ ಸಂಚಿಕೆಗಳಲ್ಲಿ ಎಲ್ವಿಸ್ ಇರುವ ಹಾಳೆಯನ್ನೇ ಯಾರೋ ಹುಡುಗಿ ಕತ್ತರಿಯಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿರುತ್ತಾಳೆ. ಮಾರುವವನು ಅದನ್ನು ಹೇಳುವುದಿಲ್ಲ. ಒಮ್ಮೆ ನನಗೆ ಅಂಚೆಯಲ್ಲಿ ಬಂದ ಪ್ರತಿಯಲ್ಲಿ ನನಗೆ ಬೇಕಾದ ಎರಡು ಪುಟ ಬಿಟ್ಟು ಮಿಕ್ಕಿದ್ದೆಲ್ಲ ಇತ್ತು! ಅದನ್ನು ಎಸೆಯಲು ಮನಸ್ಸಾಗಲಿಲ್ಲ. ಆ ಖಾಲಿ ಜಾಗವೂ ಒಂದು ದಾಖಲೆಯೇ, ಪತ್ರಿಕೆಯನ್ನು ಯಾರು ಯಾಕೆ ಕೊಂಡರು ಎಂದು ಅದಕ್ಕಿಂತ ಚೆನ್ನಾಗಿ ಯಾವ ಸಮೀಕ್ಷೆ ಹೇಳುತ್ತದೆ?

1955ರ ನವೆಂಬರಿನಲ್ಲಿ ಆರ್‌ಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿ ಸನ್‌ಗೆ 35,000 ಡಾಲರ್ ಕೊಟ್ಟು ಅವನ ಒಪ್ಪಂದ ಕೊಂಡಿತು. ಡಿಸೆಂಬರ್ 3ರ ಬಿಲ್‌ಬೋರ್ಡಿನಲ್ಲಿ ಆ ಸುದ್ದಿಯೂ ಇದೆ, ಆರ್‌ಸಿಎಯ ಇಡೀ ಪುಟದ ಜಾಹೀರಾತೂ ಇದೆ. ಸುದ್ದಿಯನ್ನೂ ಜಾಹೀರಾತನ್ನೂ ಒಟ್ಟಿಗೆ ಓದಿ, ಹಣ ಬಂದ ಮೇಲೆ ಪತ್ರಿಕೆಯ ದನಿ ಹೇಗೆ ಏರುತ್ತದೆ ಎಂದು ಗೊತ್ತಾಗುತ್ತದೆ. ಮುಂದೆ ಎಲ್ಲ ಜೋರು. 1956ರ ಜನವರಿ 28ಕ್ಕೆ ಟೀವಿ, ಏಪ್ರಿಲ್ 30ಕ್ಕೆ ‘ಲೈಫ್’, ಮೇ 14ಕ್ಕೆ ‘ನ್ಯೂಸ್‌ವೀಕ್’. ‘ಲೈಫ್’ ತಲೆಬರಹದಲ್ಲಿ ಅವನು ಊಳಿಡುವ ಹಿಲ್‌ಬಿಲಿ (ಅಂದರೆ ಗುಡ್ಡಗಾಡಿನ ಗಮಾರ), ‘ನ್ಯೂಸ್‌ವೀಕ್’ನಲ್ಲಿ ಪೀಠದ ಮೇಲೆ ಕೂತ ಹಿಲ್‌ಬಿಲಿ. ನ್ಯೂಯಾರ್ಕಿನ ಸಂಪಾದಕನಿಗೆ ದಕ್ಷಿಣದ ಬಡವರ ಮನೆ ಹುಡುಗ ಎಂದರೆ ಅಷ್ಟೇ. ಆ ಏಪ್ರಿಲ್-ಮೇನಲ್ಲಿ ಲಾಸ್ ವೇಗಸ್‌ನ ನ್ಯೂ ಫ್ರಾಂಟಿಯರ್ ಹೋಟೆಲಿನಲ್ಲಿ ಅವನ ಕಾರ್ಯಕ್ರಮ ನಡೆದಿತ್ತು. ಶಾಂಪೇನ್ ಔತಣದಲ್ಲಿ ಜೋಳದ ಸಾರಾಯಿ ಹೂಜಿ ಇಟ್ಟ ಹಾಗಿದ್ದ ಎಂದು ‘ನ್ಯೂಸ್‌ವೀಕ್’ ಬರೆಯಿತು. ತಮಾಷೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದೇ ಹೊತ್ತಿಗೆ ಅವನ ‘ಐ ಫರ್ಗಾಟ್ ಟು ರಿಮೆಂಬರ್ ಟು ಫರ್ಗೆಟ್’ ಕಂಟ್ರಿ ಪಟ್ಟಿಯ ತುದಿ ಮುಟ್ಟಿ ಇಳಿದಾಗಿತ್ತು, ‘ಹಾರ್ಟ್‌ಬ್ರೇಕ್ ಹೋಟೆಲ್’ ಪಾಪ್ ಪಟ್ಟಿಯ ನೆತ್ತಿಯಲ್ಲಿತ್ತು. ಸಂಗೀತದ ಬಗ್ಗೆ ಆ ದೊಡ್ಡ ಪತ್ರಿಕೆಗಳಲ್ಲಿ ಒಂದು ಕಾಳಿನಷ್ಟೂ ಇಲ್ಲ.

ಆಗಸ್ಟ್ 27ರ ‘ಲೈಫ್’ ಇನ್ನೂ ಮುಂದೆ ಹೋಯಿತು. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಅವನ ಕುಣಿತವನ್ನು ನ್ಯಾಯಾಧೀಶರೊಬ್ಬರು ತಡೆದಿದ್ದರು, ಪಾದ್ರಿಯೊಬ್ಬರು ಚರ್ಚಿನಲ್ಲಿ ಅವನ ಪೋಸ್ಟರ್ ಎತ್ತಿ ಹಿಡಿದು ಪ್ರಾರ್ಥನೆ ಮಾಡಿಸಿದರು. ಇದನ್ನೆಲ್ಲ ‘ಲೈಫ್’ ಚಿತ್ರ ಸಮೇತ ಹಾಕಿತು. ಹಾಡುಗಾರನಿಗಿಂತ ಹಾಡುಗಾರನಿಗೆ ಹೆದರಿದವರೇ ಸುದ್ದಿ.

‘ಟೀವಿ ಗೈಡ್’ ನನಗೆ ಮೆಚ್ಚು. ಸೆಪ್ಟೆಂಬರ್ 8ರ ವಾರದ ಸಂಚಿಕೆಯ ಮುಖಪುಟದಲ್ಲಿ ಎಲ್ವಿಸ್. ಮರುದಿನವೇ ಎಡ್ ಸಲಿವನ್‌ನ ಟೀವಿ ಕಾರ್ಯಕ್ರಮದಲ್ಲಿ ಅವನ ಮೊದಲ ಪ್ರದರ್ಶನ. ಒಳಗೆ ಮೂರು ಕಂತಿನ ಲೇಖನದ ಮೊದಲ ಕಂತು. ಅದಕ್ಕಾಗಿ ಪಾಲ್ ವೈಲ್ಡರ್ ಎಂಬ ಪತ್ರಕರ್ತ ಆಗಸ್ಟ್ 6ಕ್ಕೆ ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಅವನ ಜೊತೆ ಕೂತು ಮಾತಾಡಿದ, ಟೇಪ್ ಮಾಡಿಕೊಂಡ. ತನಗಿಟ್ಟ ‘ಪೆಲ್ವಿಸ್’ (ಸೊಂಟದ ಮೂಳೆ) ಎಂಬ ಅಡ್ಡಹೆಸರಿನ ಬಗ್ಗೆ, ದೊಡ್ಡವರ ಬಾಯಿಂದ ಇಂಥ ಬಾಲಿಶ ಮಾತು ಕೇಳಿರಲಿಲ್ಲ ಎಂಬರ್ಥದಲ್ಲಿ ಎಲ್ವಿಸ್ ಅಲ್ಲಿ ಹೇಳುತ್ತಾನೆ. ಎರಡು ವರ್ಷದ ಹಿಂದೆ ‘ಎಸ್ ಸರ್’ ಅಂದವನೇ ಇವನು. ಈ ಸಂಚಿಕೆ ಕೊಳ್ಳುವವರಿಗೊಂದು ಮಾತು: ಮಧ್ಯದ ಕಾರ್ಯಕ್ರಮ ಪಟ್ಟಿ ಪ್ರದೇಶಕ್ಕೊಂದು ಥರ, ಹೊರಗಿನ ಬಣ್ಣದ ಪುಟಗಳು ದೇಶಕ್ಕೆಲ್ಲ ಒಂದೇ. ಪಟ್ಟಿಯೇ ಇಲ್ಲದಿದ್ದರೆ ಅದು ಪೂರ್ತಿ ಪ್ರತಿಯಲ್ಲ. ಭೂತಗನ್ನಡಿ ಹಿಡಿದು ಮುಖದ ಚಿತ್ರದ ಚುಕ್ಕಿ ನೋಡಿ. ಚುಕ್ಕಿ ಕಲಸಿಹೋಗಿದ್ದರೆ ಅಚ್ಚಿನಿಂದ ತೆಗೆದ ಅಚ್ಚು, ಅಂದರೆ ನಕಲು.

ಇನ್ನೊಂದು ವಿಚಿತ್ರ ಹೇಳಬೇಕು. 1956ರ ಎಲ್ವಿಸ್ ಎಂದ ಕೂಡಲೇ ಕಣ್ಣಿಗೆ ಬರುವ ಕಪ್ಪುಬಿಳುಪು ಚಿತ್ರಗಳು, ರೈಲಿನಲ್ಲಿ ಮಲಗಿದ್ದು, ರಿಚ್‌ಮಂಡ್‌ನಲ್ಲಿ ಮೆಟ್ಟಿಲ ಹತ್ತಿರ ಹುಡುಗಿಯ ಮುಖಕ್ಕೆ ಮುಖ ತಂದದ್ದು, ಇವೆಲ್ಲ ಆಲ್ಫ್ರೆಡ್ ವರ್ಟೈಮರ್ ತೆಗೆದವು. ಆರ್‌ಸಿಎ ಪ್ರಚಾರಕ್ಕೆಂದು ಅವನನ್ನು ಕರೆಸಿತ್ತು. ಆ ವರ್ಷದ ಪತ್ರಿಕೆಗಳಲ್ಲಿ ಅವನ್ನು ಹುಡುಕಿದರೆ ಸಿಗುವುದು ಬೆರಳೆಣಿಕೆ. ಬಹುಪಾಲು 1977ರಲ್ಲಿ ಎಲ್ವಿಸ್ ಸತ್ತ ಮೇಲೆ ಬೆಳಕು ಕಂಡವು. ಅಂದಿನ ಓದುಗ ನೋಡದ ಎಲ್ವಿಸ್‌ನನ್ನು ನಾವು ಅಂದಿನ ಎಲ್ವಿಸ್ ಎಂದುಕೊಂಡಿದ್ದೇವೆ. ಹಾಗಾಗಿ ನನ್ನ ಫೈಲಿನಲ್ಲಿ ವರ್ಟೈಮರ್‌ಗೆ ಜಾಗ ಕಡಿಮೆ.

ವರ್ಷದ ಕೊನೆಗೆ ಮನುಷ್ಯ ಹಿಂದೆ ಸರಿದು ವ್ಯಾಪಾರ ಮುಂದೆ ಬಂತು. ನವೆಂಬರ್ 13ರ ‘ಲುಕ್’ ಅವನನ್ನು ಒಂದು ಉದ್ಯಮ ಎಂದೇ ಕರೆಯಿತು. ಹಾಡುಗಳ ಹೆಸರು ಹೊತ್ತ ಲಿಪ್‌ಸ್ಟಿಕ್ ಬಣ್ಣಗಳು ಬಂದದ್ದು ಆಗಲೇ. ಅವನ ಮೊದಲ ಸಿನಿಮಾಕ್ಕೆ ‘ಟೈಮ್’ ಬರೆದ ವಿಮರ್ಶೆ, ಇದು ಸಾಸೇಜೋ ಏನು ಎಂದು ಕೇಳುವಲ್ಲಿಂದ ಶುರುವಾಗುತ್ತದೆ. ಅಲ್ಲಿಗೆ ನನ್ನ ಗಡಿ ಮುಗಿಯಬೇಕಿತ್ತು.

ಗಡಿ ಮುರಿದದ್ದು 1957ರ ಆಗಸ್ಟ್ 1ರ ‘ಜೆಟ್’ಗಾಗಿ. ಕರಿಯರ ವಾರಪತ್ರಿಕೆ, ಅಂಗೈಯಗಲದ್ದು. ಎಲ್ವಿಸ್ ಕರಿಯರನ್ನು ಹೀನಾಯವಾಗಿ ಬೈದ ಎಂಬ ಗಾಳಿಸುದ್ದಿ ಆ ವರ್ಷ ಎಲ್ಲೆಡೆ ಹಬ್ಬಿತ್ತು. ಬಾಸ್ಟನ್‌ನಲ್ಲಿ ಅಂದ ಎಂದರು ಕೆಲವರು, ಎಡ್ವರ್ಡ್ ಮರೋನ ಟೀವಿ ಸಂದರ್ಶನದಲ್ಲಿ ಅಂದ ಎಂದರು ಇನ್ನು ಕೆಲವರು. ‘ಜೆಟ್’ನ ಲೂಯಿ ರಾಬಿನ್ಸನ್ ಬೆನ್ನು ಹತ್ತಿದ. ಎಲ್ವಿಸ್ ಬಾಸ್ಟನ್‌ಗೆ ಹೋಗಿರಲೇ ಇಲ್ಲ, ಮರೋನ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿರಲೂ ಇಲ್ಲ. ಅಷ್ಟಕ್ಕೇ ಬಿಡದೆ ಶೂಟಿಂಗ್ ನಡೆಯುತ್ತಿದ್ದ ಕಡೆಗೇ ಹೋಗಿ ಅವನನ್ನು ಕೇಳಿದ, ಅವನನ್ನು ಬಲ್ಲ ಕರಿಯರನ್ನೂ ಕೇಳಿದ. ಈ ಸಂಗೀತ ತಾನು ಬರುವ ಬಹಳ ಮುಂಚಿನಿಂದ ಇದೆ, ಕರಿಯರಂತೆ ಅದನ್ನು ಹಾಡಲು ಯಾರಿಂದಲೂ ಆಗದು ಎಂಬ ಅರ್ಥದ ಮಾತು ಎಲ್ವಿಸ್ ಬಾಯಿಂದ ಬಂದದ್ದು ಅಲ್ಲಿ. ಅವನ ಮೊದಲ ರೆಕಾರ್ಡಿನ ಹಾಡು ಆರ್ಥರ್ ಕ್ರುಡಪ್‌ನದು, ‘ಹೌಂಡ್ ಡಾಗ್’ ಮೊದಲು ಹಾಡಿದವಳು ಬಿಗ್ ಮಾಮಾ ಥಾರ್ಟನ್. ಆ ದೊಡ್ಡ ಪತ್ರಿಕೆಗಳನ್ನು ಓದಿದವನಿಗೆ ಕರಿಯರಾದ ಇವರಿಬ್ಬರೂ ಇದ್ದರೆಂಬುದೇ ಅಂದಾಜಾಗದು. ‘ಜೆಟ್’ ಕೂಡ ಗೂಗಲ್ ಬುಕ್ಸ್‌ನಲ್ಲಿದೆ, ಹೋಗಿ ಓದಿ. ನಾನು ಅದನ್ನು 1954ರ ಬಿಲ್‌ಬೋರ್ಡ್ ವಿಮರ್ಶೆಯ ಪಕ್ಕದಲ್ಲೇ, ಅನುಕ್ರಮ ತಪ್ಪಿಸಿ ಇಟ್ಟಿದ್ದೇನೆ.