ಮನೆಯಲ್ಲಿ ‘ತಿಥಿ’ ತೋರಿಸುವುದು ಹೇಗೆ

2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಗೆದ್ದರೂ ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾ ನೋಡದ ಕನ್ನಡಿಗರು ಇನ್ನೂ ಬೇಕಾದಷ್ಟಿದ್ದಾರೆ. ನಾಲ್ಕು ಜನರನ್ನು ಕೂರಿಸಿ ತೋರಿಸಿ.

ಮೊದಲು ಸದ್ದು ಸರಿಮಾಡಿ. ನಟರು ಹಳ್ಳಿಯವರೇ, ಮಂಡ್ಯದ ಮಾತು ಬಲು ಚುರುಕು. ಪ್ರೊಜೆಕ್ಟರಿನ ಒಳಸ್ಪೀಕರಿನಲ್ಲಿ ಅರ್ಧ ಬೈಗುಳ ಕೇಳಿಸುವುದೇ ಇಲ್ಲ. ಬೇರೆ ಸ್ಪೀಕರನ್ನು ಪರದೆಯ ಪಕ್ಕ, ಕೂತವರ ಕಿವಿಯೆತ್ತರಕ್ಕಿಟ್ಟು ವೈರಿನಲ್ಲೇ ಜೋಡಿಸಿ. ಬ್ಲೂಟೂತಾದರೆ ತುಟಿಗಿಂತ ಮಾತು ಹಿಂದೆ ಬೀಳಬಹುದು. ಧಾರವಾಡ, ಮಂಗಳೂರು ಕಡೆಯವರಿದ್ದರೆ ಸಬ್‌ಟೈಟಲ್ ಹಾಕಿ, ಸಂಕೋಚ ಬೇಡ.

ತಡವಾಗಿ ಬರುವವರಿಗೆ ಕಾಯಬೇಡಿ. ದಾರಿಹೋಕರನ್ನೆಲ್ಲ ಬೈಯುವ ಸೆಂಚುರಿಗೌಡ ಆರಂಭದಲ್ಲೇ ಸಾಯುತ್ತಾನೆ. ಕಥೆಯೆಲ್ಲ ಅವನ ಹನ್ನೊಂದನೇ ದಿನದ ಸುತ್ತ. ಅವನ ಮಗ ಗಡ್ಡಪ್ಪ ಸುಮ್ಮನೆ ನಡೆಯುವಾಗ ದಯವಿಟ್ಟು ಚಿತ್ರವನ್ನು ಮುಂದಕ್ಕೆ ಓಡಿಸಬೇಡಿ, ಅವನ ಸ್ವಭಾವವೆಲ್ಲ ಆ ನಡಿಗೆಯಲ್ಲೇ ಇದೆ.

ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಪಡೆಯಿರಿ. ಒಟಿಟಿ ಚಂದಾ ಮನೆಮಟ್ಟಿಗೆ ಮಾತ್ರ.