ಬಾಹ್ಯಾಕಾಶದ ಹೊಸ ಟೆಕ್ನಾಲಜಿ ಸುದ್ದಿಯನ್ನು ತೂಗಿ ನೋಡುವುದು ಹೇಗೆ?

'ಮಂಗಳದಲ್ಲಿ ಇನ್ನು ಉಸಿರಾಡಬಹುದು' ಅನ್ನೋ ತಲೆಬರಹ ಕಂಡ ತಕ್ಷಣ ಫಾರ್ವರ್ಡ್ ಮಾಡಬೇಡಿ. ಮೊದಲು ಕೇಳಿ: ಇದನ್ನು ಪರೀಕ್ಷೆ ಮಾಡಿದ್ದು ಎಲ್ಲಿ? ಕಾಗದದ ಮೇಲೋ, ಲ್ಯಾಬಿನಲ್ಲೋ, ನಿಜಕ್ಕೂ ಬಾಹ್ಯಾಕಾಶದಲ್ಲೋ? ನಾಸಾ ಇದಕ್ಕೆಂದೇ 1ರಿಂದ 9ರವರೆಗೆ ಮೆಟ್ಟಿಲು ಮಾಡಿಕೊಂಡಿದೆ, ಟಿಆರ್‌ಎಲ್ (ಟೆಕ್ನಾಲಜಿ ರೆಡಿನೆಸ್ ಲೆವೆಲ್, ಅಂದರೆ ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಅನ್ನೋ ಅಳತೆ) ಅಂತ ಹೆಸರು. 1 ಅಂದರೆ ಬರೀ ತತ್ವ ಗೊತ್ತಾಗಿದೆ. 9 ಅಂದರೆ ನಿಜವಾದ ಮಿಷನ್‌ನಲ್ಲಿ ಕೆಲಸ ಮಾಡಿ ತೋರಿಸಿದೆ. ಸುದ್ದಿಯಲ್ಲಿ ಈ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ, ನೀವೇ ಅಂದಾಜು ಮಾಡಿಕೊಳ್ಳಬೇಕು.

ಆಮೇಲೆ ಪ್ರಮಾಣ ನೋಡಿ. ಜನ ಜಾಸ್ತಿ ಎಡವೋದು ಇಲ್ಲೇ. ಮಂಗಳದಲ್ಲಿ ಇಳಿದ ನಾಸಾದ ಪರ್ಸಿವರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಯಂತ್ರವನ್ನೇ ತಗೊಳ್ಳಿ. ಮಂಗಳದ ಗಾಳಿಯಲ್ಲಿ ಬಹುಪಾಲು ಇರೋದು ಕಾರ್ಬನ್ ಡೈಆಕ್ಸೈಡ್. ಅದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕರೆಂಟ್ ಹಾಯಿಸಿ, ಆಮ್ಲಜನಕ ಬೇರೆ ಮಾಡಿತು. 2021ರಿಂದ 2023ರವರೆಗೆ 16 ಸಲ ಓಡಿಸಿದ ಮೇಲೆ ಸಿಕ್ಕಿದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅಂದರೆ ಮೂರೂವರೆ ಗಂಟೆಯ ಉಸಿರು, ಅಷ್ಟೇ! ಹಾಗಂತ ಸುದ್ದಿ ಸುಳ್ಳಲ್ಲ. ಬೇರೆ ಗ್ರಹದ ಗಾಳಿಯಿಂದಲೇ ಆಮ್ಲಜನಕ ತೆಗೆದದ್ದು ಅದೇ ಮೊದಲು. ಆದರೆ ಗಗನಯಾತ್ರಿಗಳನ್ನು ಅಲ್ಲಿಂದ ವಾಪಸ್ ತರುವ ರಾಕೆಟ್‌ಗೆ ಇಂಧನ ಉರಿಸಲು ಆಮ್ಲಜನಕ ಟನ್‌ಗಟ್ಟಲೆ ಬೇಕಲ್ಲ, ಆ ದಾರಿ ಇನ್ನೂ ಉದ್ದ ಇದೆ.

ಯಾವ ಭಾಗ ಮುಗಿದಿದೆ, ಯಾವುದು ಬಾಕಿ ಅನ್ನೋದನ್ನೂ ಬಿಡಿಸಿ ನೋಡಿ. 2024ರ ಜೂನ್‌ನಲ್ಲಿ ನಮ್ಮ ಚಳ್ಳಕೆರೆ ಹತ್ತಿರ ಇಸ್ರೋದ ಪುಷ್ಪಕ್ ವಾಹನವನ್ನು (ಮತ್ತೆ ಮತ್ತೆ ಬಳಸಬಹುದಾದ, ರೆಕ್ಕೆಯಿರುವ ಬಾಹ್ಯಾಕಾಶ ವಾಹನದ ಮಾದರಿ) ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಲ್ಲಿ ಕೈಬಿಟ್ಟಿತು. ಅದು ತಾನೇ ದಿಕ್ಕು ಸರಿಮಾಡಿಕೊಂಡು, ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ರನ್‌ವೇ ಮುಟ್ಟಿ, ಪ್ಯಾರಾಶೂಟ್ ಬಿಚ್ಚಿ ವೇಗವನ್ನು ಸುಮಾರು 100 ಕಿ.ಮೀ.ಗೆ ಇಳಿಸಿಕೊಂಡು, ಆಮೇಲೆ ಬ್ರೇಕ್ ಹಾಕಿ ನಿಂತಿತು. ಚೆಂದದ ಕೆಲಸ. ಆದರೆ ಕಕ್ಷೆಯಿಂದ ಬರುವ ವಾಹನದ ವೇಗ ಗಂಟೆಗೆ ಸುಮಾರು 28,000 ಕಿ.ಮೀ., ಅಲ್ಲಿ ಬೆಂಕಿಯಂಥ ಶಾಖ ತಡೆಯಬೇಕು. ಇಳಿಯೋದು ಕಲಿತಾಯ್ತು, ಕಕ್ಷೆಯಿಂದ ವಾಪಸ್ ಬರೋದು ಬೇರೆ ಪರೀಕ್ಷೆ.

'ಮುಂದೂಡಿಕೆ' ಅಂತ ಕಂಡರೆ ಸುಮ್ನೆ ಬೇಜಾರಾಗಬೇಡಿ. ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಡಾಕಿಂಗ್ (ಬಾಹ್ಯಾಕಾಶದಲ್ಲೇ ಎರಡು ಉಪಗ್ರಹಗಳನ್ನು ಜೋಡಿಸೋದು) ಜನವರಿ 7 ಅಂದರು, 9 ಅಂದರು, ಕೊನೆಗೆ ಎರಡು ಉಪಗ್ರಹಗಳು ಕೂಡಿಕೊಂಡಿದ್ದು 2025ರ ಜನವರಿ 16ಕ್ಕೆ. ಟಿವಿಯವರು ಇದನ್ನು ಸಾಧಿಸಿದ 'ನಾಲ್ಕನೇ ದೇಶ' ಅಂತ ಕುಣಿದರು. ನನ್ನ ಪ್ರಕಾರ ಅದಕ್ಕಿಂತ ಮುಖ್ಯ, ಇದು ಮುಂದೆ ಯಾವುದಕ್ಕೆ ಬೇಕು ಅನ್ನೋದು. ಚಂದ್ರಯಾನ-4ರ ಭಾಗಗಳು ಎರಡು ರಾಕೆಟ್‌ಗಳಲ್ಲಿ ಹೋಗಿ ಬಾಹ್ಯಾಕಾಶದಲ್ಲಿ ಕೂಡಿಕೊಳ್ಳಬೇಕು. ಡಾಕಿಂಗ್ ಬರದಿದ್ದರೆ ಚಂದ್ರನ ಮಣ್ಣು ತರುವ ಮಾತೇ ಇಲ್ಲ.

ಕೊನೆಗೆ ದುಡ್ಡು. ಯೋಜನೆಗೆ ಹಣ ಮಂಜೂರಾಗಿದೆಯಾ ಅಂತ ಹುಡುಕಿ. ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2,104 ಕೋಟಿ ರೂಪಾಯಿ ಒಪ್ಪಿದೆ. ಇಂಥ ಒಂದು ಸಾಲೂ ಇಲ್ಲದೆ ಬರೀ ಬಣ್ಣಬಣ್ಣದ ಗ್ರಾಫಿಕ್ಸ್ ಇದ್ದರೆ, ಆ ಸುದ್ದಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.