ಮೊದಲ ಭಾನುವಾರದ ಚಹಾ

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕರ್ತನ ಭೋಜನ ತಿಂಗಳ ಮೊದಲ ಭಾನುವಾರ. ಯೇಸುವಿನ ಮರಣವನ್ನು ನೆನೆದು ಎಲ್ಲರೂ ಮೇಜಿನ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು ಅದು. ಪ್ರಸಂಗ ಮುಗಿದು ಪಾಸ್ಟರ್ ಮೇಜಿನ ಮೇಲಿನ ಬಿಳಿ ವಸ್ತ್ರ ಸರಿಸುವ ಹೊತ್ತಿಗೆ ನಾನು ಎದ್ದು ಹಿಂಬದಿಯ ಅಡುಗೆಮನೆಗೆ ಹೋಗುತ್ತಿದ್ದೆ. ಆರಾಧನೆ ಮುಗಿದ ಕೂಡಲೇ ಎಂಬತ್ತು ಮಂದಿಗೆ ಚಹಾ ಬೇಕು, ಯಾರಾದರೂ ಇಡಲೇಬೇಕು. ಎಷ್ಟು ಸೇವೆ ಮಾಡ್ತಾಳ ನೋಡ್ರಿ ಅಂತ ಜನ ಹೊಗಳುತ್ತಿದ್ದರು. 2003ರಿಂದ 2019ರವರೆಗೆ ನಾನು ಆ ರೊಟ್ಟಿ ಮುಟ್ಟಲಿಲ್ಲ, ಆ ದ್ರಾಕ್ಷಾರಸ ಕುಡಿಯಲಿಲ್ಲ. ಇದನ್ನು ಗಮನಿಸಿದವರು ನನ್ನ ಯಜಮಾನರೊಬ್ಬರೇ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾನು ಹುಟ್ಟಿದ್ದು ಗದಗ-ಬೆಟಗೇರಿಯಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಕ್ರೈಸ್ತರಾದ ಮನೆತನದಲ್ಲಿ. ನಮ್ಮಜ್ಜ ಚರ್ಚಿನ ಲೆಕ್ಕ ಬರೆಯುತ್ತಿದ್ದರು. ಕಾಣಿಕೆಯ ಒಂದು ಪೈಸೆಯೂ ಮನೆಯ ದುಡ್ಡಿನ ಜೊತೆ ಬೆರೆಯಬಾರದೆಂದು ಎರಡು ಬೇರೆ ಚೀಲ ಇಟ್ಟುಕೊಂಡಿದ್ದ ಮನುಷ್ಯ. ಮದುವೆಯಾಗಿ ಪುಣೆಗೆ ಬಂದೆ. ಯಜಮಾನರು ಭೋಸರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ನಾನು ಚಿಂಚವಡದ ಮನೆಯಲ್ಲೇ ಹೊಲಿಗೆ ಮಷೀನು ಹಾಕಿಕೊಂಡೆ, ಶಾಲೆಯ ಯೂನಿಫಾರ್ಮು, ಬ್ಲೌಸು. ಓದು ಬರಹ ಬರುತ್ತದೆ ಎಂದು ಸ್ತ್ರೀಯರ ಕೂಟದ ಖಜಾಂಚಿ ಕೆಲಸ ನನಗೆ ಕೊಟ್ಟರು. ನನಗಿಂತ ಮೊದಲು ಆ ಲೆಕ್ಕ ನೋಡುತ್ತಿದ್ದವರು ಒಬ್ಬ ಅಕ್ಕ, ಹುಬ್ಬಳ್ಳಿ ಕಡೆಯವರು, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು.

2003ರ ಮೇ ತಿಂಗಳು. ಯಜಮಾನರ ಕಾರ್ಖಾನೆ ಮುಚ್ಚಿ ಮೂರು ತಿಂಗಳಾಗಿತ್ತು, ಮಗನ ಶಾಲೆಯ ಫೀ ಕಟ್ಟಲು ನಾಲ್ಕು ದಿನ ಉಳಿದಿತ್ತು. ಕೂಟದ ಹಣದಿಂದ 4,200 ರೂಪಾಯಿ ತೆಗೆದೆ. ಮುಂದಿನ ತಿಂಗಳು ಇಡುತ್ತೇನೆ ಅಂದುಕೊಂಡೆ. ಮುಂದಿನ ತಿಂಗಳ ಬದಲು ಲೆಕ್ಕ ತಪಾಸಣೆ ಬಂತು. ಪುಸ್ತಕ ಅಕ್ಕನ ಕೈಯಿಂದ ನನ್ನ ಕೈಗೆ ಬಂದು ಐದೇ ವಾರ ಆಗಿದ್ದರಿಂದ ಕೊರತೆ ಯಾರ ಕಾಲದ್ದು ಎಂಬ ಪ್ರಶ್ನೆ ಎದ್ದಿತು. ಯಾರೂ ಬಾಯಿಬಿಟ್ಟು ಹೆಸರು ಹೇಳಲಿಲ್ಲ. ವಿಧವೆ, ಕಷ್ಟದಲ್ಲಿದ್ದವಳು ಎಂದು ಎಲ್ಲರ ಕಣ್ಣು ಆಕೆಯ ಕಡೆ ಹೋದವು. ನಾನು ಅದೇ ಸಾಲಿನಲ್ಲಿ ಕೂತಿದ್ದೆ. ತಲೆ ತಗ್ಗಿಸಿ ಸೀರೆಯ ಅಂಚಿನ ದಾರ ಎಳೆಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಆಕೆ ಮನೆ ಖಾಲಿ ಮಾಡಿ ಡೊಂಬಿವಲಿಯ ಮಗಳ ಮನೆಗೆ ಹೊರಟುಹೋದರು.

ಹಣ ತೆಗೆದದ್ದಕ್ಕಿಂತ ಆ ಮೌನವೇ ನನ್ನನ್ನು ಹೆಚ್ಚು ಸುಟ್ಟಿದ್ದು.

2005ರಲ್ಲಿ ಕೈಗೆ ದುಡ್ಡು ಬಂತು. ಸತ್ಯವೇದದ, ಅಂದರೆ ಬೈಬಲಿನ, ಯಾಜಕಕಾಂಡದ ಆರನೆಯ ಅಧ್ಯಾಯ ಓದಿದೆ. ಮೋಸದಿಂದ ಇಟ್ಟುಕೊಂಡದ್ದನ್ನು ಹಿಂದಕ್ಕೆ ಕೊಡುವಾಗ ಮೂಲದ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು ಅಂತ ಅಲ್ಲಿದೆ. 4,200ಕ್ಕೆ 840. ಒಟ್ಟು 5,040 ರೂಪಾಯಿ ಲಕೋಟೆಯಲ್ಲಿಟ್ಟು ಹೆಸರು ಬರೆಯದೆ ಕಾಣಿಕೆ ಚೀಲಕ್ಕೆ ಹಾಕಿದೆ. ಅದು ಸಭೆಯ ಸಾಮಾನ್ಯ ಲೆಕ್ಕಕ್ಕೆ ಹೋಯಿತು. ಕೂಟದ ಪುಸ್ತಕದಲ್ಲಿ ಕೊರತೆ ಹಾಗೇ ಉಳಿಯಿತು, ಅಕ್ಕನ ಮೇಲಿನ ಅನುಮಾನವೂ ಹಾಗೇ ಉಳಿಯಿತು. ಅದೇ ಅಧ್ಯಾಯದಲ್ಲಿ ಯಾರದ್ದೋ ಅವರಿಗೇ ಕೊಡಬೇಕು ಎಂದೂ ಇದೆ. ಆ ಮಾತನ್ನು ಓದಿಯೂ ಓದದವಳ ಹಾಗೆ ಮುಂದೆ ಹೋಗಿದ್ದೆ.

ಆಮೇಲೆ ಪ್ರಾರ್ಥನೆ. ದಿನಾ ರಾತ್ರಿ ಅದೇ ಪಾಪ, ಅದೇ ಮಾತು, ಅದೇ ಅಳು. 51ನೇ ಕೀರ್ತನೆ ಬಾಯಿಪಾಠ ಆಗಿಹೋಯಿತು. ಬೇರೆಯವನ ಹೆಂಡತಿ ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿದ ದಾವೀದ ರಾಜ, ಪ್ರವಾದಿ ನಾತಾನನು ಬಂದು ಎಚ್ಚರಿಸಿದ ಮೇಲೆ ಮಾಡಿದ ಪ್ರಾರ್ಥನೆ ಅದು. ನಾನು ಮೊದಲ ಹನ್ನೊಂದು ವಚನಗಳಲ್ಲೇ ನಿಂತುಬಿಡುತ್ತಿದ್ದೆ. ಹನ್ನೆರಡನೆಯದರಲ್ಲಿ ದಾವೀದ ರಕ್ಷಣೆಯ ಆನಂದವನ್ನು ಮತ್ತೆ ಕೊಡು ಎಂದು ಕೇಳುತ್ತಾನೆ. ಅದನ್ನು ಕೇಳಲು ನನಗೆ ನಾಚಿಕೆ. ಇಂಥವಳಿಗೆ ಆನಂದ ಯಾಕೆ ಅಂತ.

2019ರ ಜುಲೈನಲ್ಲಿ ಒಂದು ಮೊದಲ ಭಾನುವಾರ ಹೊಸ ಪಾಸ್ಟರ್ ನೀರು ಕುಡಿಯಲು ಅಡುಗೆಮನೆಗೆ ಬಂದರು. ಆರಾಧನೆ ಆಗಲೇ ಮುಗಿದಿತ್ತು. ಧಾರವಾಡದ ಕಡೆಯವರು, ನನಗಿಂತ ಚಿಕ್ಕವರು. "ನೀವು ಮೇಜಿಗೆ ಬರೂದ ಇಲ್ಲಲ್ರೀ" ಅಂದರು. ಗದರಿಸುವ ದನಿ ಅಲ್ಲ. ಹದಿನಾರು ವರ್ಷ ಕಟ್ಟಿಟ್ಟದ್ದೆಲ್ಲ ಆ ಚಹಾದ ಪಾತ್ರೆಯ ಮುಂದೆ ಹೊರಗೆ ಬಂತು. ಅವರು ಸ್ಟೂಲು ಎಳೆದು ಕೂತು ಕೇಳಿದರು. ಮುಗಿದ ಮೇಲೆ ಒಂದು ಪ್ರಶ್ನೆ:

"ಕ್ಷಮೆ ಎಷ್ಟು ಸಲ ಬೇಡೀರಿ?"

"ದಿನಾ ಬೇಡ್ತೀನ್ರಿ."

"ಅಂದ್ರ ಮೊದಲನೇ ಸಲ ಬೇಡಿದಾಗ ದೇವರು ಏನು ಮಾಡ್ಯಾನ ಅಂತ ನಿಮ್ಮ ತಿಳುವಳಿಕಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವರು ಕ್ಷಮಿಸುವವನು ಎಂದು ಚಿಕ್ಕಂದಿನಿಂದ ಭಾನುವಾರ ಶಾಲೆಯಲ್ಲಿ ಕಲಿತವಳು ನಾನು. ಮಕ್ಕಳಿಗೆ ಕಲಿಸಿದವಳೂ ಹೌದು. ಆದರೆ ನನ್ನ ಈ ಒಂದು ವಿಷಯದಲ್ಲಿ ಆತ ಕೇಳಿಸಿಕೊಂಡಿದ್ದಾನೆ ಎಂದೇ ನಾನು ನಂಬಿರಲಿಲ್ಲ. ಬ್ಲೌಸಿನ ತೋಳು ಸರಿಬರಲಿಲ್ಲ ಎಂದು ಒಂದೇ ಕಡೆ ನಾಲ್ಕೈದು ಸಲ ಹೊಲಿಗೆ ಬಿಚ್ಚಿದರೆ ಬಟ್ಟೆ ಜಾಳಾಗಿ ಕೊನೆಗೆ ದಾರವೇ ನಿಲ್ಲುವುದಿಲ್ಲ. ನಾನು ದಿನಾ ಬಿಚ್ಚುತ್ತಿದ್ದೆ.

ಪಾಸ್ಟರ್ ಆ ದಿನ ಉಪದೇಶ ಮಾಡಲಿಲ್ಲ. ಸತ್ಯವೇದದಲ್ಲಿ ಎರಡು ಕಡೆ ಓದಿಕೊಂಡು ಬರಲು ಹೇಳಿದರು. ಒಂದು, 1 ಯೋಹಾನ 1:9. ಇನ್ನೊಂದು, ಮತ್ತಾಯ 27ರ ಶುರು.

ಯೋಹಾನನ ವಚನ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ. ಕರುಣಾಳು ಆದ್ದರಿಂದ ಎಂದು ಅಲ್ಲಿಲ್ಲ, ನೀತಿವಂತ ಆದ್ದರಿಂದ ಎಂದಿದೆ. ಇಷ್ಟು ವರ್ಷ ಆ ಪದದ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ. ನೀತಿ ಎಂದರೆ ನನ್ನಂಥವಳಿಗೆ ಶಿಕ್ಷೆ ಅಲ್ಲವೇ? ಎರಡು ದಿನ ಮಷೀನು ತುಳಿಯುತ್ತ ಅದನ್ನೇ ಯೋಚಿಸಿದೆ. ಶಿಲುಬೆಯಲ್ಲಿ ಯೇಸು ಸ್ವಾಮಿ ನನ್ನ ಸಾಲ ತೀರಿಸಿದ್ದು ನಿಜವಾದರೆ ಅದೇ ಸಾಲವನ್ನು ನನ್ನಿಂದ ಇನ್ನೊಮ್ಮೆ ವಸೂಲಿ ಮಾಡುವುದು ಅನ್ಯಾಯ. ದೇವರು ಅನ್ಯಾಯ ಮಾಡುವವನಲ್ಲ. ವಸೂಲಿ ಮಾಡುತ್ತಿದ್ದದ್ದು ನಾನು. ಭೋಜನಕ್ಕೆ ಹೋಗದೆ, ಹಬ್ಬಕ್ಕೆ ಹೊಸ ಸೀರೆ ಉಡದೆ, ಅತ್ತು ಅತ್ತು, ಕಂತಿನ ಮೇಲೆ ಕಂತು ನಾನೇ ಕಟ್ಟುತ್ತಿದ್ದೆ. ಆತ ಕಟ್ಟಿದ್ದು ಸಾಲದು ಎಂದ ಹಾಗಾಯಿತು. ಇದು ಹೊಳೆದಾಗ ಮಷೀನು ನಿಲ್ಲಿಸಿ ತುಂಬಾ ಹೊತ್ತು ಸುಮ್ಮನೆ ಕೂತೆ.

ಮತ್ತಾಯ 27 ನನ್ನನ್ನು ಹೆದರಿಸಿತು. ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನೂ ಪಶ್ಚಾತ್ತಾಪಪಟ್ಟ. ನಾನು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟ. ನಾನು ಮಾಡಿದ್ದೆಲ್ಲವನ್ನೂ ಆತ ಮಾಡಿದ್ದ. ಆದರೆ ಹೋದದ್ದು ಯಾಜಕರ ಹತ್ತಿರ. ಯೇಸುವಿನ ಹತ್ತಿರ ಹೋಗಲಿಲ್ಲ, ನೇಣು ಹಾಕಿಕೊಂಡ. ಯೇಸುವನ್ನು ಹಿಡಿದ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರನೂ ಇದ್ದಲಿನ ಬೆಂಕಿಯ ಬಳಿ ನಿಂತು ಮೂರು ಸಲ ಯೇಸುವನ್ನು ಅರಿಯೆನೆಂದ. ಯೋಹಾನ 21ರಲ್ಲಿ, ಯೇಸು ಸತ್ತು ಎದ್ದುಬಂದ ಮೇಲೆ, ಮತ್ತೊಂದು ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ದಡದಲ್ಲಿರುವುದು ಕರ್ತನು ಎಂದು ಕೇಳಿದ ಕೂಡಲೇ ಪೇತ್ರ ದೋಣಿಯಿಂದ ನೀರಿಗೆ ಧುಮುಕುತ್ತಾನೆ. ಮೊದಲು ಊಟವಾಗುತ್ತದೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಯೇಸು ಮೂರು ಸಲ ಕೇಳುವುದು ಆಮೇಲೆ. ಜನರಿಂದ ಅನ್ಯಾಯವಾಗಿ ಕಿತ್ತುಕೊಂಡ ಸುಂಕದವ ಜಕ್ಕಾಯನದೂ ಇದೇ ಕ್ರಮ. ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಅವನು ಹೇಳುವುದು ಯೇಸು ಅವನ ಮನೆಗೆ ಬಂದ ಮೇಲೆ. ನಾನು ತೀರಿಸಿದ ಮೇಲೆ ಮೇಜಿಗೆ ಹೋಗುತ್ತೇನೆ ಎಂದು ಕಾದಿದ್ದೆ, ತೀರಿಸುವ ಬಲ ಇದ್ದದ್ದು ಆ ಮೇಜಿನಲ್ಲೇ. ಅಪೊಸ್ತಲ ಪೌಲನು ಈ ಭೋಜನದ ವಿಷಯ ಕೊರಿಂಥದ ಸಭೆಯವರಿಗೆ ಬರೆದದ್ದೂ ನಿಮ್ಮನ್ನು ಪರೀಕ್ಷಿಸಿಕೊಂಡು ತಿನ್ನಿರಿ ಎಂದು. ಪರೀಕ್ಷಿಸಿಕೊಂಡು ಎದ್ದುಹೋಗಿರಿ ಎಂದಲ್ಲ.

ಆಗಸ್ಟಿನ ಮೊದಲ ಭಾನುವಾರ ಎದ್ದುಹೋಗಲಿಲ್ಲ. ಕೈ ನಡುಗುತ್ತಿತ್ತು. ಯಜಮಾನರು ಪಕ್ಕದಲ್ಲಿ ಏನೂ ಹೇಳದೆ ನನ್ನ ಮೊಣಕೈ ಹಿಡಿದುಕೊಂಡರು. ಆ ರಾತ್ರಿ ಅವರಿಗೆ ಎಲ್ಲ ಹೇಳಿದೆ. ಸತ್ಯವೇದದಲ್ಲಿ ಯೋಹಾನನ ವಚನದ ಪಕ್ಕ ಪೆನ್ಸಿಲಿನಲ್ಲಿ ತಾರೀಖು ಬರೆದೆ, 4-8-2019.

ಕ್ಷಮೆ ಸಿಕ್ಕಿತು, ಇನ್ನು ಮುಗಿಯಿತು ಎಂದು ಕೂರಲು ಆಗಲಿಲ್ಲ. ಮೊದಲು ಅಕ್ಕನ ಹತ್ತಿರ ಹೋಗುವ ಯೋಚನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಈಗ ಹೆದರಿಕೆ ಇದ್ದರೂ ಕಾಲು ಏಳುತ್ತಿತ್ತು. ಆಕೆ ಬೈದರೂ ದೇವರ ಮುಂದೆ ನನ್ನ ನೆಲೆ ಬದಲಾಗುವುದಿಲ್ಲ ಎಂಬ ಗಟ್ಟಿತನ ಅದು. ನವೆಂಬರಿನಲ್ಲಿ ವಿಳಾಸ ಹುಡುಕಿ ಬೆಳಗಿನ ಸಿಂಹಗಡ ಎಕ್ಸ್‌ಪ್ರೆಸ್ ಹತ್ತಿದೆ. ಲೋನಾವಳ ದಾಟಿ ಘಾಟ್ ಇಳಿಯುವ ಮೊದಲು ಬ್ರೇಕು ಪರೀಕ್ಷಿಸಲು ರೈಲು ನಿಂತಿತು. ಇಲ್ಲೇ ಇಳಿದು ವಾಪಸ್ ಹೋಗಿಬಿಡಲೇ ಅನಿಸಿದ್ದು ನಿಜ. ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದೆ.

ಅಕ್ಕನಿಗೆ ಮೊಣಕಾಲು ನೋವು, ಗೋಡೆ ಹಿಡಿದು ಬಂದು ಬಾಗಿಲು ತೆಗೆದರು. "ಬಾರವ್ವಾ, ಕೂಡು" ಅಂದರು. ನಾನು ಕೂಡಲಿಲ್ಲ, ನಿಂತೇ ಹೇಳಿದೆ. ಕಷ್ಟ ಇತ್ತು, ಮಗ ಚಿಕ್ಕವನಿದ್ದ ಎಂದು ಸೇರಿಸಬಾರದೆಂದು ಮೊದಲೇ ನಿರ್ಧರಿಸಿದ್ದೆ. ಸೇರಿಸಲಿಲ್ಲ. ಆಕೆ ತುಂಬಾ ಹೊತ್ತು ಕಿಟಕಿಯ ಕಡೆ ನೋಡಿದರು.

"ದೇವರ ಮುಂದ ಹೇಳಿದಿ, ಛಲೋ ಆತು. ನನ್ನ ಹೆಸರು ಕೆಟ್ಟದ್ದು ದೇವರ ಮುಂದ ಅಲ್ಲವ್ವಾ, ಆ ಹೆಣ್ಣಮಕ್ಕಳ ಮುಂದ. ಅಲ್ಲಿ ಹೇಳು."

"ಹೇಳ್ತೀನಿ ಅಕ್ಕಾರ."

"ಕ್ಷಮಿಸೀನಿ ಅಂತ ಇವತ್ತು ನನ್ನ ಬಾಯಾಗ ಬರಂಗಿಲ್ಲ. ಸುಳ್ಳು ಹೇಳಾಕ ನನಗ ಆಗೂದಿಲ್ಲ."

ಚಹಾ ಕೊಟ್ಟರು. ಕುಡಿದು ಬಂದೆ.

ಡಿಸೆಂಬರಿನ ಕೂಟದಲ್ಲಿ ಎದ್ದು ನಿಂತು ಹೇಳಿದೆ. ಪುಸ್ತಕದ ಆ ಪುಟ ತೆರೆದು ಕೊರತೆಯ ಸಾಲಿನ ಎದುರು ನನ್ನ ಹೆಸರು ಬರೆದು ಸಹಿ ಹಾಕಿದೆ. ಇಬ್ಬರು ನನ್ನ ಜೊತೆ ಮಾತು ಬಿಟ್ಟರು, ಒಬ್ಬರು ಇವತ್ತಿಗೂ ಆಡುವುದಿಲ್ಲ. ಅವರನ್ನು ತಪ್ಪೆನ್ನಲಾರೆ. ಅಲ್ಲಿದ್ದ ಮೂವರು ಹಿರಿಯರು ಅದೇ ಸಂಜೆ ಡೊಂಬಿವಲಿಗೆ ಫೋನು ಮಾಡಿ ಅಕ್ಕನ ಹತ್ತಿರ ತಮ್ಮ ತಪ್ಪಿಗೆ ಕ್ಷಮೆ ಕೇಳಿದರು.

ನನ್ನ ಹಾಗೆ ಒದ್ದಾಡುವವರಿಗೆ ಒಂದು ಮಾತು ಹೇಳಬೇಕು. ಕ್ಷಮೆಯನ್ನು ನಂಬಿದ ಮೇಲೂ ಅಪರಾಧಭಾವ ಬರುತ್ತದೆ. ನನಗೆ ಬರುತ್ತದೆ, ಹೆಚ್ಚಾಗಿ ಶಾಲೆ ಶುರುವಾಗುವ ಜೂನಿನಲ್ಲಿ, ಯೂನಿಫಾರ್ಮಿನ ಬಟ್ಟೆ ಕೈಗೆ ಬಂದಾಗ. ಆಗ ಮತ್ತೆ ಕ್ಷಮೆ ಬೇಡುವುದಿಲ್ಲ. ಪೆನ್ಸಿಲಿನ ತಾರೀಖು ನೆನೆದು, ಕರ್ತನೇ, ಇದನ್ನು ಆ ದಿನವೇ ತೆಗೆದುಕೊಂಡಿದ್ದೀ, ನಿನಗೆ ಸ್ತೋತ್ರ ಅನ್ನುತ್ತೇನೆ. ಗಟ್ಟಿಯಾಗಿಯೇ ಅನ್ನುತ್ತೇನೆ, ಮನಸ್ಸಿನಲ್ಲಿ ಅಂದರೆ ಸಾಲುವುದಿಲ್ಲ. ಪವಿತ್ರಾತ್ಮನು ತಪ್ಪು ತೋರಿಸುವಾಗ ಮಾಡಬೇಕಾದ ಒಂದು ಕೆಲಸವನ್ನೂ ತೋರಿಸುತ್ತಾನೆ: ಇಂಥವರ ಮನೆಗೆ ಹೋಗು, ಇಷ್ಟು ಕೊಡು, ಇದನ್ನು ಹೇಳು. ನೀನು ಕೆಟ್ಟವಳು, ಕೆಟ್ಟವಳು ಎಂದು ಮಾತ್ರ ಹೇಳಿ ಏನು ಮಾಡಬೇಕೆಂದು ಹೇಳದ ದನಿ ಬೇರೆಯವನದು, ಪ್ರಕಟನೆಯ ಪುಸ್ತಕ ಹಗಲಿರುಳು ದೂರು ಹೇಳುವವನು ಎನ್ನುತ್ತದಲ್ಲ, ಆ ಸೈತಾನನದು. ಈ ವ್ಯತ್ಯಾಸ ತಿಳಿಯಲು ನನಗೆ ಹದಿನಾರು ವರ್ಷ ಹಿಡಿಯಿತು.

ಹಾಗಂತ ಎಲ್ಲವನ್ನೂ ಪ್ರಾರ್ಥನೆಯ ಮೇಲೆ ಹೊರಿಸಬಾರದು. ನಮ್ಮ ಕೂಟದ ಒಬ್ಬ ಹುಡುಗಿ ಮಾಡದ ಪಾಪಗಳನ್ನೂ ದಿನಕ್ಕೆ ನೂರು ಸಲ ಒಪ್ಪಿಕೊಳ್ಳುತ್ತಿದ್ದಳು, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಅವಳು ಈಗ ಗೆಲುವಾಗಿದ್ದಾಳೆ.

ಅಕ್ಕ ಇನ್ನೂ ಕ್ಷಮಿಸೀನಿ ಎಂಬ ಮಾತು ಹೇಳಿಲ್ಲ. ಕ್ರಿಸ್ಮಸ್ಸಿಗೆ ಫೋನು ಮಾಡುತ್ತೇನೆ, ಮೊಣಕಾಲಿನ ಬಗ್ಗೆ ಕೇಳುತ್ತೇನೆ, ಹೇಳುತ್ತಾರೆ. ಆ ಮಾತನ್ನು ನಾನು ಕೇಳುವುದಿಲ್ಲ. ಅದು ಆಕೆಯದು, ಆಕೆಗೆ ಬಂದಾಗ ಬರಲಿ. ಆಕೆಗಾಗಿ ಪ್ರಾರ್ಥಿಸುವಾಗ ನನಗಾಗಿ ಏನೂ ಸೇರಿಸದಂತೆ ಎಚ್ಚರ ವಹಿಸುತ್ತೇನೆ.

ಮೊದಲ ಭಾನುವಾರ ಈಗ ನಾವೆಲ್ಲ ಭೋಜನ ಮುಗಿಸಿಯೇ ಅಡುಗೆಮನೆಗೆ ಹೋಗುತ್ತೇವೆ. ಚಹಾ ಇಪ್ಪತ್ತು ನಿಮಿಷ ತಡವಾಗುತ್ತದೆ, ಜನ ಕಾಯುತ್ತಾರೆ.